ಹ್ಯಾಕ್ ಆಯ್ತು ಅಂದ್ರೆ ಏನಾಯ್ತು?

"ನನ್ನ ಅಕೌಂಟ್ ಹ್ಯಾಕ್ ಆಗಿದೆ, ದುಡ್ಡು ಕೇಳಿದ್ರೆ ಯಾರೂ ಕಳಿಸಬೇಡಿ." ಇಂಥ ಪೋಸ್ಟ್ ಪದೇ ಪದೇ ಕಾಣುತ್ತದೆ. ಕೆಳಗೆ ಐಟಿಯವರೊಬ್ಬರು ಬಂದು "ನಿಜವಾದ ಹ್ಯಾಕರ್‌ಗಳು ಕಳ್ಳರಲ್ಲ" ಅಂತ ಪಾಠ ಶುರು ಮಾಡುತ್ತಾರೆ. ನನಗೆ ಇಬ್ಬರ ಮಾತೂ ಪೂರ್ತಿ ಒಪ್ಪಿಗೆಯಿಲ್ಲ.

ಐಟಿಯವರ ಮಾತಿನಲ್ಲಿ ಹುರುಳಿದೆ, ನಿಜ. ಈ ಪದ ಬೆಳೆದದ್ದು ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ, ಅದೂ ಆಟಿಕೆ ರೈಲುಗಳ ಕ್ಲಬ್ಬಿನಲ್ಲಿ! 1955ರ ಏಪ್ರಿಲ್ ಸಭೆಯ ಟಿಪ್ಪಣಿಯಲ್ಲಿ ಒಂದು ಸಾಲಿದೆ: ವೈರಿಂಗ್ ಮೇಲೆ ಕೆಲಸ ಮಾಡುವವರು, 'ಹ್ಯಾಕ್' ಮಾಡುವವರು ಮೊದಲು ಕರೆಂಟ್ ಆಫ್ ಮಾಡಿ, ಫ್ಯೂಸ್ ಹೋಗುತ್ತದೆ ಅಂತ. ಕಂಪ್ಯೂಟರಿನ ಸುದ್ದಿಯೇ ಇಲ್ಲ. 1959ರಲ್ಲಿ ಪೀಟರ್ ಸ್ಯಾಮ್ಸನ್ ಎಂಬ ಸದಸ್ಯ ಕ್ಲಬ್ಬಿನ ಪದಗಳಿಗೊಂದು ನಿಘಂಟು ಬರೆದ. ಅದರಲ್ಲಿ ಹ್ಯಾಕ್ ಅಂದರೆ ಯಾವ ಪ್ರಯೋಜನಕ್ಕೂ ಅಲ್ಲದ ಕೆಲಸ. ಸುಮ್ನೆ, ಮಜಾಕ್ಕೆ ಮಾಡಿದ್ದು. ಇದೇ ಹುಡುಗರು ರಾತ್ರಿಯೆಲ್ಲ ಟಿಎಕ್ಸ್-0 ಕಂಪ್ಯೂಟರಿನ ಮುಂದೆ ಕೂರತೊಡಗಿದರು. ಪದವೂ ಅವರ ಜೊತೆ ಅಲ್ಲಿಗೆ ಹೋಯಿತು.

1983ರಲ್ಲಿ ಅಮೆರಿಕದ ಮಿಲ್ವಾಕಿ ನಗರದ ಹುಡುಗರ ಗುಂಪೊಂದು ಕಂಡವರ ಕಂಪ್ಯೂಟರಿಗೆ ನುಗ್ಗಿ ಸಿಕ್ಕಿಬಿತ್ತು. ಪತ್ರಿಕೆಯವರು ಆಗ ಅವರನ್ನು 'ಹ್ಯಾಕರ್' ಅಂತ ಕರೆದು ಒಳ್ಳೇ ಪದವನ್ನು ಕೆಡಿಸಿದರು ಅನ್ನುವುದು ಹಳಬರ ದೂರು. ಆದರೆ 1963ರ ನವೆಂಬರಿನಲ್ಲೇ ಎಂಐಟಿಯ ವಿದ್ಯಾರ್ಥಿ ಪತ್ರಿಕೆ ಬರೆದಿತ್ತಲ್ಲ, ಹ್ಯಾಕರ್‌ಗಳ ಕಾಟಕ್ಕೆ ಫೋನ್ ಸೌಲಭ್ಯ ಕಡಿತವಾಗಿದೆ ಅಂತ! ಹಾರ್ವರ್ಡ್‌ಗೆ ಹೋಗುವ ಲೈನುಗಳನ್ನೆಲ್ಲ ಬಿಜಿ ಮಾಡಿಟ್ಟಿದ್ದರು. ದೂರದ ಊರಿಗೆ ಕರೆ ಮಾಡಿ ಬಿಲ್ಲನ್ನು ರೇಡಾರ್ ಕೇಂದ್ರದ ಲೆಕ್ಕಕ್ಕೆ ಹಾಕಿದ್ದರು. ಜಾಣತನ, ಕಿತಾಪತಿ ಎರಡೂ ಮೊದಲಿಂದ ಒಂದೇ ಮನೆಯವು. ಕಳ್ಳರಿಗೆ 'ಕ್ರ್ಯಾಕರ್' ಅನ್ನಿ ಅಂತ ಆಮೇಲೆ ಎಷ್ಟೋ ಹೇಳಿನೋಡಿದರು, ಯಾರೂ ಕೇಳಲಿಲ್ಲ. (ನಮ್ಮಲ್ಲಂತೂ ಅದು ದೀಪಾವಳಿಗೆ ಹೊಡೆಯೋದು.)

ಹಾಗಾಗಿ 'ಹ್ಯಾಕರ್' ಅಂದರೆ ಕಳ್ಳ ಅಂದುಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತಕರಾರು ಆ 'ಆಯ್ತು' ಮೇಲೆ. ಯಾರೋ ನಿಮ್ಮ ಫೋಟೊ, ಹೆಸರು ಕದ್ದು ಹೊಸ ಅಕೌಂಟ್ ತೆರೆದರೂ 'ಹ್ಯಾಕ್ ಆಯ್ತು'. ಫೋನಿನಲ್ಲಿ ಕೇಳಿದವನಿಗೆ ನಾವೇ ಓಟಿಪಿ ಓದಿ ಹೇಳಿದರೂ 'ಹ್ಯಾಕ್ ಆಯ್ತು'. ಮಳೆ ಬಂತು ಅನ್ನುವ ಹಾಗೆ!

ಹೆಸರು ಒಂದೇ ಆದರೂ ಮದ್ದು ಬೇರೆ ಬೇರೆ. ನಕಲಿ ಅಕೌಂಟ್ ಆಗಿದ್ದರೆ ನೀವು ಪಾಸ್‌ವರ್ಡ್ ಬದಲಿಸಿ ಏನೂ ಉಪಯೋಗವಿಲ್ಲ. ಗೆಳೆಯರಿಗೆಲ್ಲ ಹೇಳಿ ಅದನ್ನು ರಿಪೋರ್ಟ್ ಮಾಡಿಸಬೇಕು. ಒಳಗೇ ನುಗ್ಗಿದ್ದರೆ ಪಾಸ್‌ವರ್ಡ್ ಬದಲಿಸಿ, ಎಲ್ಲ ಫೋನುಗಳಿಂದಲೂ ಲಾಗೌಟ್ ಮಾಡಬೇಕು. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಅಲ್ಲಿ ಬರೀ "ಹ್ಯಾಕ್ ಆಯ್ತು ಸಾರ್" ಅಂದರೆ ಸಾಲದು, ನಡೆದದ್ದನ್ನು ಬಿಡಿಸಿ ಹೇಳಲೇಬೇಕು.