ಫಿಸಿಕ್ಸ್ ಓದಬೇಕು ಅನ್ನುವ ಮಕ್ಕಳಿಗೆ: ಬಿಎಸ್ಸಿನಾ, ಇಂಟಿಗ್ರೇಟೆಡ್ ಎಂಎಸ್ಸಿನಾ?

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದ ಮೇಲೆ ಫೋನ್ ಮಾಡುವ ತಂದೆ ತಾಯಿಯರೆಲ್ಲ ಇದೇ ಪ್ರಶ್ನೆ ಕೇಳುತ್ತಾರೆ. "ಸಾರ್, ಐದು ವರ್ಷದ್ದಕ್ಕೇ ಸೇರಿಸಿಬಿಡೋದು ಒಳ್ಳೇದಲ್ವಾ?" ಅವರು ಹೇಳುವುದು ಬಿಎಸ್ಸಿ, ಎಂಎಸ್ಸಿ ಎರಡನ್ನೂ ಒಟ್ಟಿಗೇ ಓದಿಸುವ ಇಂಟಿಗ್ರೇಟೆಡ್ ಎಂಎಸ್ಸಿಯ ಬಗ್ಗೆ. ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವನಾಗಿ ನನಗೆ ಅನಿಸಿದ್ದನ್ನು ಹೇಳುತ್ತೇನೆ.

ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ, ಸಂಶೋಧನಾ ಸಂಸ್ಥೆಗಳಾದ ಐಸರ್, ಅದೇ ಥರದ ಭುವನೇಶ್ವರದ ನೈಸರ್, ನಮ್ಮ ಬೆಂಗಳೂರಿನ ಐಐಎಸ್ಸಿ. ಇವುಗಳಲ್ಲಿ ಸೀಟು ಸಿಕ್ಕರೆ ಹಿಂದೆ ಮುಂದೆ ನೋಡಬೇಡಿ, ಕಳಿಸಿ. 2006ರಲ್ಲಿ ಪುಣೆ, ಕೋಲ್ಕತ್ತದಲ್ಲಿ ಶುರುವಾದ ಐಸರ್‌ಗಳು ಈಗ ಏಳಾಗಿವೆ. ಅಲ್ಲಿ ಪಾಠ ಮಾಡುವವರೇ ಸಂಶೋಧನೆಯನ್ನೂ ಮಾಡುತ್ತಾರೆ. ಹುಡುಗರು ಅವರ ಲ್ಯಾಬಿನಲ್ಲೇ ಓಡಾಡಿಕೊಂಡು ಕಲಿಯುತ್ತಾರೆ. ಐಐಎಸ್ಸಿಯದು 2011ರಲ್ಲಿ ಶುರುವಾದ ನಾಲ್ಕು ವರ್ಷದ ಕೋರ್ಸು, ಇನ್ನೊಂದು ವರ್ಷ ಉಳಿದರೆ ಮಾಸ್ಟರ್ಸ್ ಕೂಡ ಆಗುತ್ತದೆ. ಒಂದು ಮಾತು ನೆನಪಿರಲಿ: ಐಸರ್ ಪ್ರವೇಶ ಪರೀಕ್ಷೆಯಲ್ಲಿ ಬಯಾಲಜಿ ಪ್ರಶ್ನೆಗಳೂ ಇರುತ್ತವೆ. ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ತಗೊಂಡ ಎಷ್ಟೋ ಮಕ್ಕಳಿಗೆ ಇದು ಗೊತ್ತಾಗುವುದೇ ಕೊನೇ ಗಳಿಗೆಯಲ್ಲಿ.

ನನ್ನ ತಕರಾರು ಇರುವುದು ಬೇರೆ ಕಡೆ. ಇಂಥ ಸೀಟು ಸಿಗಲಿಲ್ಲ ಎಂದು ಸಾಲ ಮಾಡಿ, ಹೆಸರಿಗೆ "ಇಂಟಿಗ್ರೇಟೆಡ್" ಅಂತ ಇರುವ ಯಾವುದೋ ದುಬಾರಿ ಕೋರ್ಸಿಗೆ ಸೇರಿಸುತ್ತಾರಲ್ಲ, ಅದು ಬೇಡ. ಸೇರುವ ಮುಂಚೆ ಅಲ್ಲಿನ ಫಿಸಿಕ್ಸ್ ವಿಭಾಗಕ್ಕೆ ಹೋಗಿ ನೋಡಿ. ಪಿಎಚ್‌ಡಿ ಮಾಡುತ್ತಿರುವವರು ನಾಲ್ಕು ಜನವಾದರೂ ಲ್ಯಾಬಿನಲ್ಲಿ ಇದ್ದಾರಾ? ಮೂರು ವರ್ಷಕ್ಕೆ ಬಿಟ್ಟರೆ ಡಿಗ್ರಿ ಕೈಗೆ ಸಿಗುತ್ತದಾ? ಎರಡಕ್ಕೂ ಸರಿಯಾದ ಉತ್ತರ ಬರದಿದ್ದರೆ ವಾಪಸ್ ಬನ್ನಿ.

ಲೆಕ್ಕ ಹಾಕಿ ನೋಡಿ. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿ 2024ರಲ್ಲಿ ಹೋಯಿತು, ಮತ್ತೆ ಮೂರು ವರ್ಷದ ಬಿಎಸ್ಸಿ ಬಂತು. ಆ ಮೂರಕ್ಕೆ ಎಂಎಸ್ಸಿಯ ಎರಡು ಸೇರಿಸಿದರೆ ಅಲ್ಲೂ ಐದೇ ವರ್ಷ. ಬಿಎಸ್ಸಿ ಆದ ಮೇಲೆ ಜ್ಯಾಮ್ ಎಂಬ ಪ್ರವೇಶ ಪರೀಕ್ಷೆ ಬರೆದು ಐಐಟಿಯಲ್ಲಿ ಎಂಎಸ್ಸಿ ಮಾಡಬಹುದು, ಮಾಸ್ಟರ್ಸ್, ಪಿಎಚ್‌ಡಿ ಎರಡೂ ಸೇರಿರುವ ಐಐಎಸ್ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಹೋಗಬಹುದು. ಎಂಎಸ್ಸಿಗೆ ನಮ್ಮ ಮಾನಸಗಂಗೋತ್ರಿ, ಮಂಗಳಗಂಗೋತ್ರಿ, ಶಂಕರಘಟ್ಟ, ಧಾರವಾಡದ ವಿಶ್ವವಿದ್ಯಾಲಯಗಳು ಇದ್ದೇ ಇವೆ. ಅಮೆರಿಕಕ್ಕೆ ಹೋಗುವ ಆಸೆಯಿದ್ದರೆ ಮಾತ್ರ ಒಂದು ತೊಡಕು. ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಡಿಗ್ರಿ ಕೇಳುತ್ತವೆ, ಹಾಗಾಗಿ ಎಂಎಸ್ಸಿ ಮುಗಿಸಿ ಹೋಗುವುದೇ ಸಲೀಸು.

ಹದಿನೇಳು ವರ್ಷದ ಮಕ್ಕಳು ನೋಡಿರುವುದು ಸಿಇಟಿಗೆ ಟಿಕ್ ಮಾಡುವ ಫಿಸಿಕ್ಸನ್ನು. ನಿಜವಾದ ರುಚಿ ಸಿಗುವುದು ಡಿಗ್ರಿ ಲ್ಯಾಬಿನಲ್ಲಿ. ಬೆಳಕಿನ ಉಂಗುರಗಳನ್ನು ನೋಡುವ ನ್ಯೂಟನ್ಸ್ ರಿಂಗ್ಸ್ ಪ್ರಯೋಗಕ್ಕೆ ಸೋಡಿಯಂ ದೀಪ ಹಾಕುತ್ತೇವೆ. ಹಾಕಿದ ತಕ್ಷಣ ಅದು ಹಳದಿ ಇರುವುದಿಲ್ಲ, ಕೆಂಪು ಕೆಂಪಾಗಿರುತ್ತದೆ. ಒಳಗಿನ ಸೋಡಿಯಂ ಕಾದು ಆವಿಯಾಗುವ ತನಕ ಕಾಣುವುದು ನಿಯಾನ್ ಅನಿಲದ ಬಣ್ಣ. ಕೆಲವರು ಆ ಹೊತ್ತಿನಲ್ಲಿ ರೆಕಾರ್ಡ್ ಪುಸ್ತಕಕ್ಕೆ ಗೆರೆ ಹಾಕಿಕೊಳ್ಳುತ್ತಾರೆ. ಒಬ್ಬಿಬ್ಬರು ದೀಪದ ಹತ್ತಿರವೇ ನಿಂತು "ಯಾಕೆ ಸಾರ್ ಕೆಂಪು?" ಅನ್ನುತ್ತಾರೆ. ತಾನು ಇದರಲ್ಲಿ ಯಾವ ಥರದವನು ಅಂತ ಪಿಯುಸಿಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಮೂರು ವರ್ಷ ಓದಿ ಬಿಎಡ್ ಮಾಡಿ ಹೈಸ್ಕೂಲ್ ಮೇಷ್ಟ್ರಾದವರು, ಎಂಸಿಎಗೆ ಹೋದವರು ನನ್ನ ವಿದ್ಯಾರ್ಥಿಗಳಲ್ಲಿ ಬೇಕಾದಷ್ಟಿದ್ದಾರೆ. ಅವರು ಸೋತವರಲ್ಲ, ದಯವಿಟ್ಟು ಹಾಗೆ ನೋಡಬೇಡಿ.

ಹೆಣ್ಣುಮಕ್ಕಳ ಅಪ್ಪಂದಿರಿಗೆ ಒಂದು ಮಾತು. ತಿರುಪತಿಯಲ್ಲೋ ಭೋಪಾಲದಲ್ಲೋ ಐಸರ್ ಸೀಟು ಸಿಕ್ಕಿದ ಮಗಳನ್ನು "ಅಷ್ಟು ದೂರ ಯಾಕಮ್ಮಾ" ಅಂತ ನಿಲ್ಲಿಸಬೇಡಿ. ದುಡ್ಡಿನ ಚಿಂತೆಯಾದರೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ನೋಡಿ. ಬೋರ್ಡಿನಲ್ಲಿ ಮೊದಲ 1 ಪರ್ಸೆಂಟಿನೊಳಗೆ ಬಂದವರು ಅರ್ಜಿ ಹಾಕಬಹುದು, ವರ್ಷಕ್ಕೆ 80,000 ರೂಪಾಯಿ ತನಕ ಕೊಡುತ್ತಾರೆ. ಬಿಎಸ್ಸಿಗೂ ಉಂಟು, ಇಂಟಿಗ್ರೇಟೆಡ್‌ಗೂ ಉಂಟು.

ಬಿಎಸ್ಸಿ ಸೇರುವವರು ಮ್ಯಾಥ್ಸ್ ಮಾತ್ರ ಬಿಡಬೇಡಿ. ಎರಡನೇ ವರ್ಷದಿಂದಲೇ ಜ್ಯಾಮ್‌ನ ಹಳೇ ಪ್ರಶ್ನೆಪತ್ರಿಕೆ ಬಿಡಿಸಿ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ದೊಡ್ಡ ವಿಜ್ಞಾನಿಗಳ ಲ್ಯಾಬಿನಲ್ಲಿ ಎರಡು ತಿಂಗಳು ಕೂತು ಕೆಲಸ ಕಲಿಯಬಹುದು. ತಾಲೂಕು ಕಾಲೇಜಿನ ನಮ್ಮ ಮಕ್ಕಳು ಇದಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ. ಹಾಕಿ. ಶಿಫಾರಸು ಪತ್ರಕ್ಕೆ ನಿಮ್ಮ ಮೇಷ್ಟ್ರನ್ನು ಕೇಳಿ, ಸಂಕೋಚ ಬೇಡ. ಖುಷಿಯಿಂದ ಬರೆದುಕೊಡುತ್ತಾರೆ.