ಚಾರ್ಜ್ ಇಲ್ಲದವನ ಬೆಂಗಳೂರು

ಕಳೆದ ಮಳೆಗಾಲದ ಒಂದು ರಾತ್ರಿ, ಅರಸೀಕೆರೆ ಕಡೆಯಿಂದ ಬಂದ ಬಸ್ಸು ದಾರಿಯಲ್ಲಿ ಎರಡು ಗಂಟೆ ತಡವಾಗಿ, ನಾನು ನಗರದ ದೊಡ್ಡ ಬಸ್ ನಿಲ್ದಾಣವೊಂದರಲ್ಲಿ ಇಳಿದಾಗ ಹನ್ನೆರಡು ದಾಟಿತ್ತು. ಮೆಟ್ರೊ ಮುಗಿದಿತ್ತು. ಫೋನು ನೆಲಮಂಗಲ ದಾಟುವ ಮೊದಲೇ ಚಾರ್ಜ್ ಮುಗಿದು ಕಣ್ಣು ಮುಚ್ಚಿತ್ತು. ಕಿಸೆಯಲ್ಲಿ ಮೂವತ್ತು ರೂಪಾಯಿ ಚಿಲ್ಲರೆ ಇತ್ತು. ಉಳಿದ ಹಣವೆಲ್ಲ ಆ ಕಣ್ಣು ಮುಚ್ಚಿದ ಫೋನಿನೊಳಗೇ ಇತ್ತು. ತಲೆಯ ಮೇಲೆ ಬಸ್ಸುಗಳ ವೇಳೆ ತೋರಿಸಬೇಕಾದ ಎಲ್‌ಇಡಿ ಫಲಕವಿತ್ತು, ಆದರೆ ಅದರಲ್ಲಿ ಗಂಟೆ ಬೆಳಗಿನ 6.20ಕ್ಕೆ ನಿಂತುಹೋಗಿತ್ತು. ಕಂಬದ ಮೇಲೆ ಉಚಿತ ವೈಫೈ ಎಂಬ ಬೋರ್ಡಿತ್ತು. ಅದರ ಪಕ್ಕದಲ್ಲೇ ಒಂದು ಕ್ಯಾಮೆರಾ ನನ್ನನ್ನೇ ನೋಡುತ್ತಿತ್ತು.

ಫ್ಲಾಸ್ಕಿನಲ್ಲಿ ಚಹಾ ಮಾರುತ್ತಿದ್ದ ಹುಡುಗನೊಬ್ಬ ನನ್ನ ಪರದಾಟ ನೋಡಿ, "ಯಾರಿಗಾದ್ರೂ ಫೋನ್ ಮಾಡ್ಬೇಕಾ ಸಾರ್?" ಎಂದು ತನ್ನ ಫೋನನ್ನೇ ಮುಂದೆ ಹಿಡಿದ. ಕೈಗೆ ತೆಗೆದುಕೊಂಡ ಮೇಲೆ ನನಗೆ ನನ್ನ ಹೆಂಡತಿಯ ನಂಬರು ಗೊತ್ತಿಲ್ಲವೆಂಬುದು ಹೊಳೆಯಿತು. ಮಗನದೂ ಗೊತ್ತಿರಲಿಲ್ಲ. ಬಾಯಿಗೆ ಬರುತ್ತಿದ್ದುದು ಒಂದೇ ಸಂಖ್ಯೆ: 2009ರಲ್ಲಿ ಮುಚ್ಚಿಹೋದ ನಮ್ಮ ತಂದೆಯವರ ಎಸ್‌ಟಿಡಿ ಬೂತಿನದು. ಹುಡುಗ ನಕ್ಕು, ಬ್ಯಾಗಿನಿಂದ ಪವರ್ ಬ್ಯಾಂಕ್ ತೆಗೆದು ವೈರು ಕೊಟ್ಟ. ಇಪ್ಪತ್ತು ನಿಮಿಷ ನಿಂತು ಎರಡು ಲೋಟ ಚಹಾ ಕುಡಿದೆ, ಆಟೊ ಸಿಕ್ಕಿತು, ಮನೆ ಸೇರಿದೆ. ಸಾವಿರಾರು ಕೋಟಿ ರೂಪಾಯಿಗಳ ಐಟಿ ರಾಜಧಾನಿಯಲ್ಲಿ ಆ ರಾತ್ರಿ ನನಗೆ ದೊರೆತ ಸಾರ್ವಜನಿಕ ಸಂಪರ್ಕ ಸೇವೆ ಎಂದರೆ ಆ ಹುಡುಗನ ಪವರ್ ಬ್ಯಾಂಕ್ ಒಂದೇ.

ಬೀದಿಯಲ್ಲಿ ನಿಲ್ಲಿಸುವ ಯಾವುದೇ ತಂತ್ರಜ್ಞಾನವನ್ನು ಫೋನ್ ಇಲ್ಲದವನ, ಅಥವಾ ಆ ಹೊತ್ತಿಗೆ ಇಲ್ಲದಂತಾದವನ ಕಣ್ಣಿನಿಂದಲೇ ಅಳೆಯಬೇಕು ಎಂದು ನನಗೆ ಅಂದಿನಿಂದ ಅನ್ನಿಸುತ್ತಿದೆ. ಚಾರ್ಜ್ ಇದ್ದು, ಡೇಟಾ ಇದ್ದು, ಕನ್ನಡವೋ ಇಂಗ್ಲಿಷೋ ಓದಲು ಬರುವವನಿಗೆ ಬೀದಿಯಿಂದ ಹೆಚ್ಚೇನೂ ಬೇಕಾಗಿಲ್ಲ. ನಮ್ಮ ನಗರದ ಯೋಜನೆಗಳು ಮಾತ್ರ ಅವನನ್ನೇ ಎದುರಿಗೆ ಕೂರಿಸಿಕೊಂಡು ರೂಪುಗೊಳ್ಳುತ್ತವೆ.

ನಮ್ಮ ತಂದೆಯವರು ಶ್ರೀರಾಮಪುರದಲ್ಲಿ 1992ರಿಂದ ಬೂತ್ ನಡೆಸುತ್ತಿದ್ದರು. ಹಳದಿ ಬೋರ್ಡು, ಒಬ್ಬರು ನಿಲ್ಲುವಷ್ಟು ಗಾಜಿನ ಗೂಡು, ಒಳಗೆ ಸೆಕೆಂಡಿಗೆ ಸೆಕೆಂಡಿಗೆ ಏರುವ ಕೆಂಪು ಅಂಕಿಗಳ ಮೀಟರು, ಹೊರಗೆ ಬಿಲ್ಲು ಕಕ್ಕುವ ಪುಟ್ಟ ಪ್ರಿಂಟರು. ರಾತ್ರಿ 11ರ ನಂತರ ಎಸ್‌ಟಿಡಿ ದರ ಕಾಲು ಭಾಗಕ್ಕೆ ಇಳಿಯುತ್ತಿದ್ದುದರಿಂದ ಹತ್ತೂವರೆಗೇ ಸಾಲು ಶುರುವಾಗುತ್ತಿತ್ತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಊರಿನಲ್ಲಿ ಫೋನಿದ್ದ ಪಕ್ಕದ ಮನೆಗೆ ಮೊದಲು ಒಂದು ಕರೆ ಮಾಡಿ, "ನಮ್ಮವ್ವನ್ನ ಕರೀರಿ, ಐದು ನಿಮಿಷ ಬಿಟ್ಟು ಮಾಡ್ತೀನಿ" ಎಂದು ಇಟ್ಟುಬಿಡುತ್ತಿದ್ದರು. ಆ ಐದು ನಿಮಿಷ ನಮ್ಮ ಬೆಂಚಿನ ಮೇಲೆ ಕೂತು ಕಾಯುತ್ತಿದ್ದರು. ಹೊರಗೋಡೆಗೆ ಒಂದು ರೂಪಾಯಿ ನಾಣ್ಯದ ಡಬ್ಬಿ ಫೋನು ನೇತುಹಾಕಿತ್ತು. ಅದು ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ಕೆಟ್ಟರೆ ತಂದೆಯವರು ಬೆಳಿಗ್ಗೆ ಎಕ್ಸ್‌ಚೇಂಜಿಗೆ ಹೋಗಿ ಜಗಳವಾಡಿ, ಸಂಜೆಯೊಳಗೆ ಲೈನ್‌ಮನ್ ಕರೆದುಕೊಂಡು ಬರುತ್ತಿದ್ದರು, ಏಕೆಂದರೆ ಫೋನು ಕೆಟ್ಟ ದಿನ ಅವರ ಕಮಿಷನ್ನೂ ಇರುತ್ತಿರಲಿಲ್ಲ. ಬೀದಿಯ ಯಂತ್ರವೊಂದು ಸರಿಯಾಗಿರುವುದಕ್ಕೆ ಇದಕ್ಕಿಂತ ಗಟ್ಟಿಯಾದ ನಿರ್ವಹಣಾ ಒಪ್ಪಂದವನ್ನು ನಾನು ಈವರೆಗೆ ಕಂಡಿಲ್ಲ.

ಬೂತುಗಳನ್ನು ಮೊಬೈಲು ನುಂಗಿತು, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಅವುಗಳ ಜಾಗಕ್ಕೆ ಏನು ಬಂತು ಎಂಬುದಷ್ಟೇ ನನ್ನ ಪ್ರಶ್ನೆ. 2014ರ ಜನವರಿಯಲ್ಲಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ಮೊದಲಾದ ಕೆಲವು ಕಡೆ 'ನಮ್ಮ ವೈಫೈ' ಆರಂಭವಾದಾಗ ನಾನೂ ಸಂಭ್ರಮಪಟ್ಟು ಹೋಗಿ ನೋಡಿದ್ದೆ. ದಿನಕ್ಕೆ ತಲೆಗೆ 50 ಎಂಬಿ ಉಚಿತ. ಅಂದಿನ ಲೆಕ್ಕಕ್ಕೆ ಅದು ಕಡಿಮೆಯೇನಲ್ಲ. ಆದರೆ 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ, ಕಿಸೆಯಲ್ಲೇ ಇರುವುದನ್ನು ಕಂಬದ ಕೆಳಗೆ ನಿಂತು ಪಡೆಯುವ ತಾಳ್ಮೆ ಯಾರಿಗೂ ಉಳಿಯಲಿಲ್ಲ. ರೈಲು ನಿಲ್ದಾಣಗಳ ವೈಫೈ ಕಥೆಯೂ ಹೆಚ್ಚುಕಡಿಮೆ ಹೀಗೆಯೇ: ರೈಲ್ವೆಯ ದೂರಸಂಪರ್ಕ ಸಂಸ್ಥೆ ರೈಲ್‌ಟೆಲ್ ಜತೆ ಸೇರಿ ಗೂಗಲ್ 2016ರಲ್ಲಿ ಮುಂಬೈ ಸೆಂಟ್ರಲ್‌ನಿಂದ ಆರಂಭಿಸಿ 2018ರ ಹೊತ್ತಿಗೆ 400 ನಿಲ್ದಾಣಗಳನ್ನು ಮುಟ್ಟಿತು, 2020ರಲ್ಲಿ ಡೇಟಾ ಅಗ್ಗವಾಗಿದೆ ಎಂದು ಹೇಳಿ ಹಿಂದೆ ಸರಿಯಿತು. ರೈಲ್‌ಟೆಲ್ ಸೇವೆಯನ್ನು ಮುಂದುವರಿಸಿತು.

ಡೇಟಾ ಅಗ್ಗವಾಯಿತೆಂಬ ಈ ಸಮಾಧಾನದಲ್ಲಿ ಒಂದು ತೊಡಕಿದೆ. ನಮ್ಮ ಸಾರ್ವಜನಿಕ ವೈಫೈಗೆ ಸೇರಬೇಕಾದರೆ ಮೊಬೈಲಿಗೆ ಬರುವ ಒಟಿಪಿ ಬೇಕು. ಭಯೋತ್ಪಾದಕರು ತೆರೆದ ವೈಫೈ ಬಳಸಿ ಇಮೇಲ್ ಕಳಿಸಿದ ಪ್ರಕರಣಗಳ ನಂತರ, 2009ರಲ್ಲಿ ದೂರಸಂಪರ್ಕ ಇಲಾಖೆ ಬಳಕೆದಾರರ ಗುರುತು ಪಡೆಯಲೇಬೇಕೆಂದು ಸೂಚಿಸಿತು; ಆ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪರಿಣಾಮ ಮಾತ್ರ ವಿಚಿತ್ರವಾದುದು. ಸಿಗ್ನಲ್ ಇರುವ ಫೋನು ಇದ್ದವನಿಗೆ ಮಾತ್ರ ಈ ಉಚಿತ ಸಂಪರ್ಕ ಸಿಗುತ್ತದೆ, ಅಂದರೆ ಅದರ ಅಗತ್ಯವೇ ಇಲ್ಲದವನಿಗೆ. ಸಿಮ್ ಕಳೆದುಕೊಂಡವನಿಗೆ, ಹೊರದೇಶದಿಂದ ಬಂದಿಳಿದವನಿಗೆ, ಗಂಡ ಫೋನು ಕಿತ್ತುಕೊಂಡು ಮನೆಯಿಂದ ಹೊರಹಾಕಿದವಳಿಗೆ ಇಲ್ಲ. 1905ರ ಆಗಸ್ಟ್ 5ರಂದು ಸಿಟಿ ಮಾರ್ಕೆಟ್ ಬಳಿ ಇದೇ ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪ ಹೊತ್ತಿಕೊಂಡಾಗ, ಅದರ ಬೆಳಕಿನಲ್ಲಿ ನಡೆಯುವವನು ಯಾರೆಂದು ಅದು ಕೇಳಲಿಲ್ಲ. ಸಾರ್ವಜನಿಕ ಎಂಬ ಮಾತಿಗೆ ನನ್ನ ಮನಸ್ಸಿನಲ್ಲಿರುವ ಅರ್ಥ ಅದು.

ಹೊರಗಿನವರು ಏನು ಮಾಡಿದರು ಎಂದು ನೋಡಿದರೆ ಅಲ್ಲೂ ಎಲ್ಲವೂ ಚಿನ್ನವಲ್ಲ. ನ್ಯೂಯಾರ್ಕ್ ನಗರ ತನ್ನ ಹಳೆಯ ಪೇಫೋನುಗಳನ್ನು ಕಿತ್ತು, 2016ರಿಂದ ಲಿಂಕ್‌ಎನ್‌ವೈಸಿ ಎಂಬ ಕಂಬಗಳನ್ನು ನಿಲ್ಲಿಸಿತು. ಅವುಗಳಲ್ಲಿ ವೇಗದ ಉಚಿತ ವೈಫೈ, ದೇಶದೊಳಗೆ ಎಲ್ಲಿಗಾದರೂ ಉಚಿತ ಕರೆ, ಫೋನ್ ಚಾರ್ಜ್ ಮಾಡಲು ಯುಎಸ್‌ಬಿ, ತುರ್ತು ಕರೆಗೆ ಕೆಂಪು ಗುಂಡಿ ಇದ್ದವು. ಖರ್ಚೆಲ್ಲ ಕಂಬದ ಎರಡೂ ಬದಿಯ 55 ಇಂಚಿನ ಪರದೆಗಳ ಜಾಹೀರಾತಿನಿಂದ ಹುಟ್ಟಬೇಕು, ನಗರಕ್ಕೂ ಪಾಲು ಬರಬೇಕು ಎಂಬುದು ಲೆಕ್ಕ. ಮೊದಲ ಪೆಟ್ಟು ಅದೇ ವರ್ಷ ಬಿತ್ತು. ಕಂಬದಲ್ಲಿದ್ದ ಟ್ಯಾಬ್ಲೆಟ್ಟಿನ ಮುಂದೆ ಕೆಲವರು ಗಂಟೆಗಟ್ಟಲೆ ಠಿಕಾಣಿ ಹೂಡಿ ಬೇಡದ ವಿಡಿಯೊಗಳನ್ನು ನೋಡತೊಡಗಿದ್ದರಿಂದ, ಸೆಪ್ಟೆಂಬರಿನಲ್ಲಿ ಅದರ ಅಂತರ್ಜಾಲ ವೀಕ್ಷಣೆಯನ್ನು ನಿಲ್ಲಿಸಬೇಕಾಯಿತು. ಅದಕ್ಕಿಂತ ದೊಡ್ಡ ಪೆಟ್ಟು ಹಣದ್ದು. ಕನಿಷ್ಠ 7,500 ಕಂಬಗಳ ಯೋಜನೆ ಎರಡು ಸಾವಿರ ಮುಟ್ಟುವ ಮೊದಲೇ ನಿಂತಿತು, ನಗರಕ್ಕೆ ಬರಬೇಕಾದ ಪಾಲು ಬಾಕಿ ಬಿತ್ತು. ಕಂಬಗಳು ಹೆಚ್ಚಾಗಿ ನಿಂತದ್ದು ಮ್ಯಾನ್‌ಹಟನ್‌ನಲ್ಲಿ, ಅಂದರೆ ಜಾಹೀರಾತು ನೋಡುವ ಕಣ್ಣುಗಳು ಹೆಚ್ಚಿರುವ ಕಡೆ. ಮನೆಯಲ್ಲಿ ಇಂಟರ್ನೆಟ್ ಇಲ್ಲದವರು ಹೆಚ್ಚಿರುವ ಕಡೆಗಲ್ಲ. ಜಾಹೀರಾತಿನ ದುಡ್ಡಿನಲ್ಲಿ ನಡೆಯುವ ಸೇವೆ ಜಾಹೀರಾತು ಇಷ್ಟಪಡುವ ಬೀದಿಯನ್ನೇ ಹುಡುಕಿಕೊಂಡು ಹೋಗುತ್ತದೆ. ಇಲ್ಲಿ ಇಂಥ ಕಂಬಗಳ ಪ್ರಸ್ತಾಪ ಬಂದಾಗಲೆಲ್ಲ ನನಗೆ, 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆಯೇ ಇಳಿದ ನಮ್ಮ ಫ್ಲೆಕ್ಸ್‌ಗಳು ನೆನಪಾಗುತ್ತವೆ. ನಗರದ ಗೋಡೆಗಳನ್ನು ಹಾಗೂ ಹೀಗೂ ಒಮ್ಮೆ ತೊಳೆದುಕೊಂಡಿದ್ದೇವೆ, ವೈಫೈ ನೆಪದಲ್ಲಿ ಅದೇ ಫ್ಲೆಕ್ಸು ಎಲ್‌ಇಡಿ ವೇಷದಲ್ಲಿ ಮರಳದಿರಲಿ.

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಆಸ್ಟ್ರೇಲಿಯಾ ಮಾಡಿದ ಕೆಲಸ. ಅಲ್ಲಿಯ ಟೆಲ್‌ಸ್ಟ್ರಾ ಸಂಸ್ಥೆ 2021ರ ಆಗಸ್ಟಿನಲ್ಲಿ ತನ್ನ ಸುಮಾರು 15,000 ಬೀದಿ ಫೋನುಗಳಿಂದ ದೇಶದೊಳಗಿನ ಕರೆಗಳನ್ನು ಉಚಿತವಾಗಿಸಿತು. ಹೊಸ ಪರದೆಯಿಲ್ಲ, ಆ್ಯಪ್ ಇಲ್ಲ. ಹಳೆಯ ಫೋನನ್ನು ಕೀಳುವ ಬದಲು ನಾಣ್ಯದ ಕಿಂಡಿಯನ್ನಷ್ಟೇ ಅಪ್ರಸ್ತುತ ಮಾಡಿದರು. ಕಾಡ್ಗಿಚ್ಚು, ನೆರೆಗಳಲ್ಲಿ ಮೊಬೈಲ್ ಗೋಪುರಗಳು ಕೈಕೊಟ್ಟಾಗ ತಂತಿಯ ಫೋನು ಎಷ್ಟು ಮುಖ್ಯ ಎಂಬುದನ್ನು ಆ ದೇಶ ಕಂಡಿತ್ತು.

ನಮ್ಮಲ್ಲೂ ಒಂದು ಒಳ್ಳೆಯ ಯೋಚನೆ ಇದೆ, ಅದನ್ನು ಹೇಳದಿದ್ದರೆ ತಪ್ಪಾದೀತು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಯಾವ ಲೈಸೆನ್ಸೂ ಇಲ್ಲದೆ ಕಿರಾಣಿ ಅಂಗಡಿಯವನೂ, ಟೀ ಅಂಗಡಿಯವಳೂ ವೈಫೈ ಮಾರಬಹುದು. ಅಂಥವರಿಗೆ ಅದರಲ್ಲಿ ಪಬ್ಲಿಕ್ ಡೇಟಾ ಆಫೀಸ್, ಚಿಕ್ಕದಾಗಿ ಪಿಡಿಒ ಎಂಬ ಹೆಸರಿದೆ. ಪಿಸಿಒ, ಅಂದರೆ ಹಳೆಯ ಫೋನ್ ಬೂತುಗಳ ಪಬ್ಲಿಕ್ ಕಾಲ್ ಆಫೀಸ್ ಎಂಬ ಹೆಸರು ನೆನಪಿರುವವರಿಗೆ ಈ ಹೆಸರಿನ ವಂಶಾವಳಿ ಬಿಡಿಸಿ ಹೇಳಬೇಕಿಲ್ಲ. (ಹಳ್ಳಿಯವರಿಗೆ ಪಿಡಿಒ ಎಂದರೆ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯೇ ನೆನಪಾಗುವುದು, ಅದು ಬೇರೆ ಮಾತು.) 2018ರ ದೂರಸಂಪರ್ಕ ನೀತಿ 2022ರೊಳಗೆ ಒಂದು ಕೋಟಿ ಸಾರ್ವಜನಿಕ ಹಾಟ್‌ಸ್ಪಾಟ್‌ಗಳ ಗುರಿ ಇಟ್ಟಿತ್ತು, ಆದದ್ದು ಕೆಲವೇ ಲಕ್ಷ. ನಮ್ಮ ಬಡಾವಣೆಯ ಜೆರಾಕ್ಸ್ ಅಂಗಡಿಯವರು ಇದರ ಆಸೆಗೆ ಬಿದ್ದು ವಿಚಾರಿಸಿದಾಗ, ಮನೆಗೆ ಏಳೆಂಟು ನೂರಕ್ಕೆ ಸಿಗುವ ಬ್ರಾಡ್‌ಬ್ಯಾಂಡನ್ನು ಇದಕ್ಕೆ ಬಳಸುವಂತಿಲ್ಲ, ವಾಣಿಜ್ಯ ಸಂಪರ್ಕವನ್ನೇ ಪಡೆಯಬೇಕು ಎಂಬ ಉತ್ತರ ಬಂತು. ಅದರ ದರ ಕೇಳಿ ಅವರು ಫೋನಿಟ್ಟರು. ಐದು, ಹತ್ತು ರೂಪಾಯಿಯ ಕೂಪನ್ ಮಾರಿ ಅಷ್ಟು ಹಣ ಹುಟ್ಟಿಸುವುದು ಹೇಗೆ? ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2025ರ ಜೂನ್‌ನಲ್ಲಿ, 200 ಎಂಬಿಪಿಎಸ್‌ವರೆಗಿನ ಫೈಬರ್ ಸಂಪರ್ಕಕ್ಕೆ ಪಿಡಿಒಗಳಿಂದ ಮನೆ ಗ್ರಾಹಕರ ದರದ ಎರಡು ಪಟ್ಟಿಗಿಂತ ಹೆಚ್ಚು ಪಡೆಯುವಂತಿಲ್ಲ ಎಂದು ಆದೇಶಿಸಿದೆ. ಮೂರು ನಾಲ್ಕು ವರ್ಷ ಮೊದಲೇ ಬಂದಿದ್ದರೆ ಈ ಆದೇಶಕ್ಕೆ ಬೇರೆಯದೇ ತೂಕವಿರುತ್ತಿತ್ತು. ಆದರೂ ಈ ಯೋಜನೆಯ ಮೇಲೆ ನನಗೆ ವಿಶ್ವಾಸವಿದೆ, ಕಾರಣ ಒಂದೇ: ಅದರಲ್ಲಿ ಯಂತ್ರದ ಪಕ್ಕ ಮನುಷ್ಯನೊಬ್ಬ ಕೂತಿರುತ್ತಾನೆ.

ಇನ್ನು ಕ್ಯಾಮೆರಾಗಳ ವಿಚಾರ. ಮಹಿಳೆಯರ ಸುರಕ್ಷತೆಗೆಂದಿರುವ ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ಸಾವಿರಾರು ಕ್ಯಾಮೆರಾಗಳು ನಮ್ಮ ಬೀದಿಗಳಿಗೆ ಬಂದಿವೆ. ಸಂಚಾರ ಪೊಲೀಸರು 2022ರ ಡಿಸೆಂಬರಿನಲ್ಲಿ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳನ್ನು ಚಾಲೂ ಮಾಡಿದರು. ನಾನು ಇವುಗಳ ವಿರೋಧಿಯಲ್ಲ, ಸಿಗ್ನಲ್ ಜಂಪ್ ಮಾಡುವವರಿಗೆ ದಂಡ ಬೀಳಲಿ. ಸೇಫ್ ಸಿಟಿಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಮಾತ್ರ ಕ್ಯಾಮೆರಾ ಅಲ್ಲ, ಸೇಫ್ಟಿ ಐಲ್ಯಾಂಡ್ ಎಂಬ ಕಂಬ. ಗುಂಡಿ ಒತ್ತಿದರೆ ಪೊಲೀಸ್ ನಿಯಂತ್ರಣ ಕೊಠಡಿಯವರೊಡನೆ ನೇರ ಮಾತಾಡಬಹುದು, ಫೋನ್ ಬೇಡ, ಒಟಿಪಿ ಬೇಡ, ಆ್ಯಪ್ ಬೇಡ. ಬೀದಿದೀಪದ ಜಾತಿಗೆ ಸೇರಿದ ಯಂತ್ರವದು. ದುಃಖವೆಂದರೆ ನೋಡುವ ಯಂತ್ರಗಳು ಸಾವಿರಗಟ್ಟಲೆ ಇದ್ದರೆ, ನಮ್ಮ ಮಾತು ಕೇಳುವ ಈ ಯಂತ್ರಗಳು ಅಲ್ಲೊಂದು ಇಲ್ಲೊಂದು. ಬೀದಿಗೆ ನಾನು ಸದಾ ಕಾಣುತ್ತಿರುತ್ತೇನೆ, ಕೂಗಿದರೆ ಮಾತ್ರ ಕೇಳಿಸುವುದಿಲ್ಲ.

ಹಾಳಾಗುವುದರ ಬಗ್ಗೆ ಯಾವ ಉದ್ಘಾಟನಾ ಸಮಾರಂಭದಲ್ಲೂ ಯಾರೂ ಮಾತಾಡುವುದಿಲ್ಲ. ನಮ್ಮ ರಸ್ತೆ ತಿರುವಿನ ಫುಟ್‌ಪಾತ್ ಮೇಲೆ ಸೊಂಟದೆತ್ತರದ ಕಬ್ಬಿಣದ ಪೆಟ್ಟಿಗೆಯೊಂದಿದೆ. ಬಾಗಿಲಿನ ಕೊಂಡಿ ಹೋಗಿ, ಯಾರೋ ಪುಣ್ಯಾತ್ಮರು ಸೆಣಬಿನ ಹುರಿಯಿಂದ ಕಟ್ಟಿದ್ದಾರೆ. ಗಾಳಿಗೆ ಬಾಗಿಲು ಸರಿದರೆ ಒಳಗೆ ಬಣ್ಣಬಣ್ಣದ ವೈರುಗಳ ಸಿಕ್ಕು, ಒಂದು ಖಾಲಿ ನೀರಿನ ಬಾಟಲಿ ಕಾಣುತ್ತದೆ. ಅದು ಯಾರದು ಎಂದು ಮೂರು ಕಚೇರಿಗಳಲ್ಲಿ ಕೇಳಿದ್ದೇನೆ, ಮೂವರೂ ತಮ್ಮದಲ್ಲ ಎಂದರು. ಸದ್ಯಕ್ಕೆ ಅದರ ಮೇಲ್ಮೈ ಹೂ ಮಾರುವ ಅಮ್ಮನ ಸ್ವಾಧೀನದಲ್ಲಿದೆ. ಮಲ್ಲಿಗೆ ಮೊಳ ಹಾಕಲು ಎತ್ತರ ಸರಿಯಾಗಿದೆ ಎನ್ನುತ್ತಾರೆ. ತಲೆಯ ಮೇಲೆ ಮರದಿಂದ ಮರಕ್ಕೆ ಕೇಬಲ್ಲುಗಳ ತೋರಣ. ರೆಸಿಡೆನ್ಸಿ ರಸ್ತೆ, ವಿಠಲ್ ಮಲ್ಯ ರಸ್ತೆಗಳನ್ನು ಟೆಂಡರ್‌ಶ್ಯೂರ್ ಎಂಬ ರಸ್ತೆ ಯೋಜನೆಯಲ್ಲಿ ಅಗೆದು ಕಟ್ಟಿದಾಗ ಕೇಬಲ್ಲುಗಳಿಗೆಂದೇ ನೆಲದಡಿ ಕೊಳವೆ ಹಾಕಿದ್ದರು, ಹಾಗಾಗಿ ಇದು ನಮಗೆ ಬಾರದ ವಿದ್ಯೆಯೇನೂ ಅಲ್ಲ. ದುಬಾರಿಯಾದ ಆ ವಿದ್ಯೆ ನಮ್ಮ ಬಡಾವಣೆಗಳ ಅಡ್ಡರಸ್ತೆಗೆ ಬಂದಿಲ್ಲ.

2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಒಂದರ ಬದಲು ಐದು ಪಾಲಿಕೆಗಳಾಗಿವೆ. ಸ್ಮಾರ್ಟ್ ಎಂಬ ವಿಶೇಷಣ ಹೊತ್ತ ಹೊಸ ಕಂಬಗಳಿಗೆ ಟೆಂಡರ್ ಕರೆಯುವ ಮೊದಲು ಈ ಪಾಲಿಕೆಗಳು ಒಂದು ಸಣ್ಣ ಕೆಲಸ ಮಾಡಲಿ ಎಂಬುದು ನನ್ನ ಆಸೆ. ದೊಡ್ಡ ಬಸ್ ನಿಲ್ದಾಣಗಳಲ್ಲಿ, ಸರ್ಕಾರಿ ಆಸ್ಪತ್ರೆಗಳ ಗೇಟಿನ ಬಳಿ, ರಾತ್ರಿ ಪಾಳಿಯ ಗಾರ್ಮೆಂಟ್ಸ್ ಪ್ರದೇಶಗಳಲ್ಲಿ ನಾಣ್ಯವಾಗಲಿ ಒಟಿಪಿಯಾಗಲಿ ಕೇಳದ ಒಂದು ತಂತಿಯ ಫೋನು ಇರಲಿ; 112ಕ್ಕೂ, ಊರೊಳಗಿನ ಯಾವ ನಂಬರಿಗೂ ಮೂರು ನಿಮಿಷ ಉಚಿತವಿರಲಿ. ಪಕ್ಕದಲ್ಲಿ ಚಾರ್ಜಿಗೆ ಎರಡು ಪ್ಲಗ್ಗು, ಕಾಗದದಲ್ಲಿ ಅಚ್ಚಾದ ಬಸ್ ವೇಳಾಪಟ್ಟಿ ಸಾಕು. ಇದನ್ನು ನೋಡಿಕೊಳ್ಳುವ ಹೊಣೆಯನ್ನು ದೂರದ ಯಾವುದೋ ಕಂಪನಿಗೆ ಕೊಡುವ ಬದಲು, ಹಿಂದೆ ಬೂತುಗಳನ್ನು ಕೊಡುವಾಗ ಅಂಗವಿಕಲರಿಗೆ ಆದ್ಯತೆ ಇದ್ದಂತೆ, ಅಲ್ಲೇ ಪುಟ್ಟ ಅಂಗಡಿ ಇಡಬಲ್ಲ ಒಬ್ಬರಿಗೆ ಕೊಡಬೇಕು. ಯಂತ್ರ ಸರಿಯಿದ್ದ ದಿನಗಳಿಗೆ ಮಾತ್ರ ಹಣ ಸಿಗಬೇಕು. ಖರ್ಚಿನ ಲೆಕ್ಕ ಕೇಳುವವರು ಮೊದಲು ಆ 6.20ಕ್ಕೆ ನಿಂತ ಫಲಕಕ್ಕೆ ಎಷ್ಟು ಸುರಿದರು ಎಂಬುದನ್ನು ಬಹಿರಂಗಪಡಿಸಲಿ.

ಕಳೆದ ವಾರ ಅದೇ ನಿಲ್ದಾಣಕ್ಕೆ ಹೋಗಿದ್ದೆ. ಚಹಾದ ಹುಡುಗ ಈಗ ಫ್ಲಾಸ್ಕಿನ ಪಕ್ಕ ನಾಲ್ಕು ವೈರುಗಳ ಚಾರ್ಜರ್ ಇಟ್ಟುಕೊಂಡು, ಅರ್ಧ ಗಂಟೆಗೆ ಹತ್ತು ರೂಪಾಯಿ ಎಂದು ರಟ್ಟಿನ ಮೇಲೆ ಬರೆದು ನಿಲ್ಲಿಸಿದ್ದಾನೆ. ಮೂರು ಫೋನುಗಳು ಚಾರ್ಜಿಗಿದ್ದವು.