ಅಕ್ಕನ ಚಾವಡಿಗೆ ಕಿವಿ ಬಂದಿದೆ

ಭಾನುವಾರ ಕಾಸರಗೋಡಿನ ಪೆರ್ಲದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಭಾವ ತೋಟದಲ್ಲಿದ್ದರು. ಅಕ್ಕ ಚಾವಡಿಯಲ್ಲಿ ಕುಳಿತು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿ, ಊದಿಕೊಂಡ ಗಂಟಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, ರಾತ್ರಿ ನೋವಿಗೆ ನಿದ್ದೆ ಹತ್ತುವುದಿಲ್ಲವೆಂದೂ ಮಗನಿಗೆ ಗೊತ್ತಾದರೆ ಸುಮ್ಮನೆ ಗಾಬರಿ ಬೀಳುತ್ತಾನೆಂದೂ ಹೇಳುತ್ತಿದ್ದಳು. ಅಷ್ಟರಲ್ಲಿ ಬಾಗಿಲಿನ ಮೇಲಿನಿಂದ ಅಳಿಯನ ಧ್ವನಿ ಬಂತು: "ಅಮ್ಮಾ, ಇಷ್ಟು ನೋವಿದ್ದರೂ ನನಗೆ ಯಾಕೆ ಹೇಳಲಿಲ್ಲ? ಮಾವಾ, ನೀವು ಯಾವಾಗ ಬಂದದ್ದು?"

ಅಳಿಯ ಇರುವುದು ಬೆಂಗಳೂರಿನಲ್ಲಿ. ಮಾತಾಡಿದ್ದು ಗೋಡೆಯ ಮೇಲಿನ ಬಿಳಿ ಕ್ಯಾಮರಾ. (ನಾನು ಯಾವಾಗ ಬಂದೆನೆಂಬುದೂ ಅವನಿಗೆ ಗೊತ್ತಿತ್ತು, ಗೇಟಿನ ಬಳಿ ಇನ್ನೊಂದು ಇದೆ.) 68 ವರ್ಷದ ಅಕ್ಕ ತನ್ನದೇ ಚಾವಡಿಯಲ್ಲಿ, ಪರಪುರುಷರ ಎದುರು ಸಿಕ್ಕಿಬಿದ್ದವಳಂತೆ ಗಡಬಡಿಸಿ ಸೀರೆ ಇಳಿಸಿದಳು. ಮಗನಿಗೆ ಏನೋ ಸಮಾಧಾನ ಹೇಳಿ, ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಬಾ, ದನದ ಹಟ್ಟಿಯ ಹತ್ತಿರ ಹೋಗಿ ಮಾತಾಡುವ, ಅಲ್ಲಿಗೆ ಕೇಳುವುದಿಲ್ಲ" ಎಂದಳು.

ಅಳಿಯ ಒಳ್ಳೆಯವನು, ಅವನನ್ನು ಎತ್ತಿ ಆಡಿಸಿದವನು ನಾನೇ. ಆದರೂ ಕೇಳುತ್ತೇನೆ: ಆ ಕ್ಯಾಮರಾವನ್ನು ಗೋಡೆಗೆ ಹೊಡೆಯುವ ಮೊದಲು ಅಕ್ಕನನ್ನು ಒಂದು ಮಾತು ಕೇಳಿದವರು ಯಾರು? ದೀಪಾವಳಿಗೆ ಬಂದವನು ಡ್ರಿಲ್ಲಿಂಗ್ ಮಿಷನ್ ಹಿಡಿದು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ, "ಇದು ನಿಮ್ಮ ಸೇಫ್ಟಿಗೆ" ಎಂದು ಹೇಳಿ ಹೋದನಂತೆ.

ಅಕ್ಕನ ಮೊಣಕಾಲು ಪೆರ್ಲದಿಂದ ನೆಟ್ಟಗೆ ಬೆಂಗಳೂರಿಗೆ ಹೋಗುತ್ತದೆ ಎಂದು ಅವನು ನಂಬಿದ್ದಾನೆ. ಆದರೆ ಇಂಥ ಕ್ಯಾಮರಾಗಳಲ್ಲಿ ಹೆಚ್ಚಿನವು ಚಿತ್ರವನ್ನೂ ಧ್ವನಿಯನ್ನೂ ಕಂಪನಿಯ ಸರ್ವರಿನ ದಾರಿಯಾಗಿ ಕಳಿಸುತ್ತವೆ. ಚಂದಾ ಕಟ್ಟಿದ್ದರೆ ಅಲ್ಲೇ ದಿನಗಟ್ಟಲೆ ಉಳಿಸಿಡುತ್ತವೆ. ಮನೆ ಕ್ಯಾಮರಾ ಮಾರುವ, ಅಮೆಜಾನ್ ಒಡೆತನದ ರಿಂಗ್ ಕಂಪನಿಯ ನೌಕರನೊಬ್ಬ, ಮಲಗುವ ಕೋಣೆ, ಬಚ್ಚಲುಗಳಂಥ ಜಾಗದಲ್ಲಿದ್ದ ಮಹಿಳಾ ಗ್ರಾಹಕರ ಸಾವಿರಾರು ವಿಡಿಯೋಗಳನ್ನು ತಿಂಗಳುಗಟ್ಟಲೆ ನೋಡುತ್ತಿದ್ದನೆಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆರೋಪಿಸಿತು; ಕಂಪನಿ 58 ಲಕ್ಷ ಡಾಲರಿಗೆ ಒಪ್ಪಿ ಪ್ರಕರಣ ಮುಗಿಸಿಕೊಂಡಿತು. ಒಳಗಿನವರ ಕಥೆ ಇದಾದರೆ, ಹೊರಗಿನವರದು ಇನ್ನೂ ಸುಲಭ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮರಾ, ವಿಡಿಯೋ ದಾಖಲಿಸಿಡುವ ಡಿವಿಆರ್‌ಗಳನ್ನು ಲಕ್ಷಗಟ್ಟಲೆ ವಶ ಮಾಡಿಕೊಂಡಿತು. ಅವುಗಳಿಂದ ನಡೆಸಿದ ದಾಳಿಗೆ ಅಕ್ಟೋಬರ್ 21ರಂದು ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವೇ ತೆರೆಯದೆ ಹೋದವು. ಅದರ ಕೈಯಲ್ಲಿದ್ದ ಬೀಗದ ಕೈಗಳು 60ರ ಆಸುಪಾಸಿನ ಪಾಸ್‌ವರ್ಡುಗಳಷ್ಟೇ. ಅಕ್ಕನ ಕ್ಯಾಮರಾದ ಪಾಸ್‌ವರ್ಡ್ ಬದಲಿಸಿದ್ದೀಯಾ ಎಂದು ಅಳಿಯನಿಗೆ ಫೋನು ಮಾಡಿ ಕೇಳಿದೆ. ಡಬ್ಬದ ಮೇಲೆ ಇದ್ದದ್ದೇ ಎಂದ. ಐಟಿಯವನು!

ಕಳ್ಳರ ಕಾಟ ಮರೆತಿರೋ ಎಂದು ಕೆಲವರು ಈಗಲೇ ಬರೆಯಲು ಹೊರಟಿರುತ್ತೀರಿ. ಮರೆತಿಲ್ಲ. ಅಂಗಳದಲ್ಲಿ ಒಣಗುವ ಅಡಿಕೆಯನ್ನು ರಾತ್ರೋರಾತ್ರಿ ಗೋಣಿಗೆ ತುಂಬುವವರು ಇದ್ದಾರೆ, ಮಕ್ಕಳೆಲ್ಲ ಊರು ಬಿಟ್ಟ ಮನೆಗಳಲ್ಲಿ ಹಿರಿಯರು ಬಿದ್ದರೆ ಎತ್ತುವವರಿಲ್ಲ. ಆದರೆ ಅಡಿಕೆ ಕಳ್ಳ ಚಾವಡಿಯಲ್ಲಿ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕುವುದಿಲ್ಲವಲ್ಲ! ಅಂಗಳಕ್ಕೆ ಒಂದು ಹಾಕಿ, ಗೇಟಿಗೆ ಎರಡು ಹಾಕಿ. ಒಳಗೆ ಕಿವಿ ಯಾಕೆ ಬೇಕು? ಬಿದ್ದರೆ ತಿಳಿಯಬೇಕೆಂದರೆ ದಿನಕ್ಕೆ ಎರಡು ಸಲ ಫೋನು ಮಾಡಲಿ.

ನಾವು ಕಾಸರಗೋಡಿನ ಕನ್ನಡಿಗರದ್ದು ಇದರಲ್ಲಿ ಇನ್ನೂ ಒಂದು ತಮಾಷೆ ಇದೆ. ಕಚೇರಿಯ ನೋಟಿಸು ಮಲಯಾಳದಲ್ಲಿ ಮಾತ್ರ ಬಂದರೆ, ಭಾಷಾ ಅಲ್ಪಸಂಖ್ಯಾತರ ಹಕ್ಕೆಂದು ಬಸ್ಸು ಹತ್ತಿ ಹೋಗಿ ಮನವಿ ಕೊಡುತ್ತೇವೆ. ಕೊಡಲೇಬೇಕು, ನಾನೂ ಕೊಟ್ಟಿದ್ದೇನೆ. ಇಂಗ್ಲಿಷಿನಲ್ಲಿ ಗಜಗಟ್ಟಲೆ ಇಳಿಯುವ ಷರತ್ತುಗಳ ಕೊನೆಯಲ್ಲಿ "ಐ ಅಗ್ರೀ" ಒತ್ತುವಾಗ ಮಾತ್ರ ಯಾರಿಗೂ ಕನ್ನಡ ನೆನಪಾಗುವುದಿಲ್ಲ. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಇರಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಬರೆದಿದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದೂ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಇಷ್ಟೆಲ್ಲ ಇದ್ದೂ, ವ್ಯಕ್ತಿಯೊಬ್ಬ ತನ್ನ ಸ್ವಂತಕ್ಕೋ ಮನೆಯ ಉಪಯೋಗಕ್ಕೋ ಬಳಸುವ ದತ್ತಾಂಶವನ್ನು ಅದೇ ಕಾಯ್ದೆ ಹೊರಗಿಟ್ಟಿದೆ. ಕಂಪನಿ ಕೇಳಬೇಕು, ಮಗ ಕೇಳಬೇಕಾಗಿಲ್ಲ!

ಇಷ್ಟು ಉದ್ದ ಬರೆಯುತ್ತಿರುವ ನಾನು ಸಾಚಾ ಅಲ್ಲ. ನಮ್ಮ ಅಂಗಳದಲ್ಲೂ ಒಂದು ಇದೆ, ಅಡಿಕೆಯ ಕಾವಲಿಗೆಂದು ಹಾಕಿಸಿದ್ದು. ಅಡಿಕೆ ಸುಲಿಯಲು ಬರುವ ಹೆಂಗಸರನ್ನು ನಾನು ಒಳಗೆ ಕುಳಿತು ಮೊಬೈಲಿನಲ್ಲಿ ನೋಡಿದ್ದೇನೆ, ಯಾರು ಎಷ್ಟು ಸಲ ಎದ್ದರೆಂದು ಲೆಕ್ಕ ಹಾಕಿದ್ದೇನೆ. ಅವರನ್ನೂ ಯಾರೂ ಕೇಳಿರಲಿಲ್ಲ. ಸೋಮವಾರ ಬೆಳಿಗ್ಗೆ ಅವರ ಮುಂದೆ ನಿಂತು, ನಾಚಿಕೆಯಿಂದಲೇ, ಆ ಕ್ಯಾಮರಾದಲ್ಲಿ ನೀವು ಕಾಣುತ್ತೀರಿ ಎಂದು ಹೇಳಿದೆ. ಹಿರಿಯಾಕೆ ಸುಲಿಯುವ ಕೈಯನ್ನು ನಿಲ್ಲಿಸಲೂ ಇಲ್ಲ. "ಗೊತ್ತುಂಟು ಅಣ್ಣೇರೆ. ಅದಕ್ಕೇ ನಾವು ಎಲೆಯಡಿಕೆ ತಿನ್ನಲಿಕ್ಕೆ ಹಲಸಿನ ಮರದ ಆಚೆಗೆ ಹೋಗುವುದು" ಎಂದಳು.